ಪ್ರಶ್ನೆಯೊಳಗಿನ ಮನುಷ್ಯಾ

ಕೂತೀರೇನ್ರಿ ಎಲ್ಲಾರೂ? ಹೂಂ ಅನ್ನಾಕ ಒಬ್ಬರು ಬೇಕು ನನಗ, ಇಲ್ಲಾಂದ್ರ ಕತಿ ಮುಂದ ಸರಿಯಂಗಿಲ್ಲ. ನಗೋರು ನಗ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಈ ಕತಿಗೆ ಕಡೀತನಕ ನಕ್ಕವರನ್ನ ನಾ ಇನ್ನೂ ಕಂಡಿಲ್ಲ.

ಒಂದೂರಾಗ ದ್ಯಾಮವ್ವ ಅಂತ ಒಬ್ಬಾಕಿ ಇದ್ಲು. ರೊಟ್ಟಿ ಬಡಿಯೂದು ಆಕಿ ಕಸುಬು. ಗೌರಕ್ಕನ ಖಾನಾವಳಿಗೆ ದಿನಾ ಹೋಗೂ ಜೋಳದ ರೊಟ್ಟಿ ಎಲ್ಲಾ ಆಕಿ ಕೈಯಾವ. ಗಂಡ ಸತ್ತು ಇಪ್ಪತ್ತು ವರ್ಷ ಆಗಿತ್ತು. ಉಳದಾಂವ ಒಬ್ಬ ಮಗ, ಸೋಮಲಿಂಗ. ವಯಸ್ಸು ಮೂವತ್ತು ದಾಟಿತ್ತು, ತಿಳುವಳಿಕಿ ಮಾತ್ರ ಇನ್ನೂ ತೊಟ್ಟಿಲದಾಗ ಇತ್ತು. ಕೆಟ್ಟಾಂವ ಅಲ್ಲರಿ ಅಂವ. ಕುಡೀತಿದ್ದಿಲ್ಲ, ಸೇದತಿದ್ದಿಲ್ಲ, ಎದುರು ಮಾತಾಡತಿದ್ದಿಲ್ಲ. ಹೇಳಿದ್ದನ್ನ ಹೇಳಿದಂಗ ಮಾಡತಿದ್ದ, ಅದ ಅವನ ಜಡ್ಡು. ಏಳು ಅಂದ್ರ ಏಳತಿದ್ದ, ಉಣ್ಣು ಅಂದ್ರ ಉಣ್ಣತಿದ್ದ. ಜಳಕ ಮಾಡು ಅನ್ನೂದು ಅವ್ವ ಮರತ್ಲು ಅಂದ್ರ ಎಂಟು ದಿನ ಮೈಗೆ ನೀರು ಕಾಣತಿದ್ದಿಲ್ಲ.

ದ್ಯಾಮವ್ವಗ ಇದ್ದದ್ದು ಒಂದ ಚಿಂತಿ. ನಾ ಕಣ್ಣು ಮುಚ್ಚಿದ ಮ್ಯಾಲೆ ಇಂವಗ ಏಳು ಅನ್ನೋರ್ಯಾರು, ಉಣ್ಣು ಅನ್ನೋರ್ಯಾರು? ರೊಟ್ಟಿ ಬಡೀತ ಬಡೀತ ಇದನ್ನ ವಿಚಾರ ಮಾಡತಿದ್ಲು. ಕಡೀಗೆ ಆಕಿಗೆ ಒಂದು ದಾರಿ ಹೊಳೀತು. ಸರಕಾರದಾಗ ಒಂದು ಜವಾನನ ನೌಕರಿ ಹತ್ತಿತು ಅಂದ್ರ ಸಾಕು. ಸಾಹೇಬ ಹೇಳತಾನ, ಇಂವ ಮಾಡತಾನ. ಒಬ್ಬ ಸಾಹೇಬ ಹೋದ್ರ ಇನ್ನೊಬ್ಬ ಬರತಾನ. ಹೇಳೋರಿಗೆ ಸರಕಾರದಾಗ ಬರಗಾಲ ಇಲ್ಲ.

ಆದ್ರ ಆ ನೌಕರಿಗೂ ಪರೀಕ್ಷಾ ಇತ್ತು ನೋಡ್ರಿ. ಸಾಮಾನ್ಯ ಜ್ಞಾನ ಸೋಮಲಿಂಗ ಬಾಯಿಪಾಠ ಹೊಡದು ಬರೀತಿದ್ದ. ತಾರ್ಕಿಕ ಸಾಮರ್ಥ್ಯ ಅಂತ ಇನ್ನೊಂದು ಪೇಪರು, ಅದರಾಗ ವರ್ಷಾ ವರ್ಷಾ ಸೊನ್ನಿ. ಬಾಯಿಪಾಠಕ್ಕ ಬಗ್ಗದ ಪೇಪರು ಅದು. ವಯಸ್ಸು ಮೀರಾಕ ಬಂದಿತ್ತು, ಉಳದದ್ದು ಇದೊಂದ ಸಲ.

ಗೌರಕ್ಕನ ಖಾನಾವಳ್ಯಾಗ ಕುಬೇರ ಮಾಸ್ತರ ಅಂತ ಒಬ್ಬರು ಉಣ್ಣತಿದ್ರು. ಸ್ಪರ್ಧಾತ್ಮಕ ಪರೀಕ್ಷಾಕ್ಕ ಹುಡುಗರನ್ನ ತಯಾರ ಮಾಡೂ ಮಾಸ್ತರ. ದ್ಯಾಮವ್ವ ಅವರ ಕಾಲಿಗೆ ಬಿದ್ಲು. ನಿನ್ನ ಕೈಯಾನ ರೊಟ್ಟಿ ಹತ್ತು ವರ್ಷ ತಿಂದೀನವ್ವಾ, ಕಳಿಸು ಅವನ್ನ ಅಂದ್ರು ಮಾಸ್ತರ. ಪಾಪ, ಅವರಿಗೇನು ಗೊತ್ತು.

ಮೊದಲನೇ ದಿನ ಮಾಸ್ತರ ಹೇಳಿಕಿ ಮತ್ತು ತೀರ್ಮಾನ ಅನ್ನೂ ಪಾಠ ಮಾಡಿದ್ರು. ಹೇಳಿಕಿಯೊಳಗ ಏನ ಕೊಟ್ಟಾರ ಅದ ಖರೇ ಅಂತ ತಿಳೀಬೇಕು. ಎಲ್ಲಾ ಕಾಗಿ ಬೆಳ್ಳಗ ಅದಾವ ಅಂತ ಕೊಟ್ರ ಬೆಳ್ಳಗ ಅದಾವ. ನಿನಗ ಹೊರಗ ಏನ ಗೊತ್ತಿದ್ರೂ ಅದನ್ನ ಇದರಾಗ ತರಬಾರದು, ಅಂದ್ರು. ಸೋಮಲಿಂಗ ಬರಕೊಂಡ, ಮನಿಗೆ ಬಂದು ಹೊಚ್ಚಲದ ಮ್ಯಾಲೆ ಕೂತು ಬಾಯಿಪಾಠ ಮಾಡಿದ.

ಮರುದಿನ ಯಾವನೋ ಒಬ್ಬ ತಳ್ಳೂ ಗಾಡಿ ತಗೊಂಡು ಬಾಗಿಲಿಗೆ ಬಂದ. ನಿಮ್ಮವ್ವ ಸಂತ್ಯಾಗ ಅದಾಳ, ಮನ್ಯಾಗಿನ ಜೋಳದ ಚೀಲ ತರಾಕ ಹೇಳ್ಯಾಳ ಅಂದ. ಹಿತ್ತಲದಾಗ ದಪ್ ದಪ್ ಅಂತ ರೊಟ್ಟಿ ಬಡಿಯೂ ಸಪ್ಪಳ. ಕಳ್ಳಗೂ ಕೇಳಿಸ್ತು. ಅದ್ಯಾರು ಒಳಗ ಅಂತ ಕೇಳಿದ. ನಮ್ಮವ್ವ ಅಂದ ಸೋಮಲಿಂಗ. ಆದ್ರ ಅದು ಹೊರಗಿನ ಜ್ಞಾನ, ನೀವು ಕೊಟ್ಟ ಹೇಳಿಕಿಯೊಳಗ ಆಕಿ ಸಂತ್ಯಾಗ ಅದಾಳ, ಅಂದು ತಾನ ಚೀಲ ಹೊತ್ತು ಗಾಡಿಗೆ ಹಾಕಿದ. ಹಗ್ಗನೂ ಬಿಗದು ಕೊಟ್ಟ.

ಹಿಟ್ಟು ಮುಗದು ಒಳಗ ಬಂದ ದ್ಯಾಮವ್ವ ತಲಿ ಮ್ಯಾಲೆ ಕೈ ಹೊತ್ತು ಕೂತ್ಲು. ಯಾರು ಏನ ಅಂದ್ರೂ ನಂಬೂದೇನೋ ಭಾಡ್ಯಾ, ಅಷ್ಟ ಮಾತಿಗೆ ಚೀಲ ಕೊಡಾಕ ಬರತೈತೋ ಇಲ್ಲೋ ನೋಡಬಾರದೇನ ಅಂತ ಬಾಯಿಗೆ ಬಂದಂಗ ಬೈದ್ಲು. ಮಾಸ್ತರಿಗೂ ಹೇಳಿದ್ಲು. ಮಾಸ್ತರ ಅವನಿಗೆ ಮುಂದಿನ ಪಾಠ ಹೇಳಿದ್ರು. ತಮ್ಮಾ, ಕೊಟ್ಟ ಮಾಹಿತಿ ಸಾಕಾಗತೈತೋ ಇಲ್ಲೋ ಮೊದಲ ತೂಗಿ ನೋಡು. ಸಾಲದಿದ್ರ ಹೇಳಲು ಸಾಧ್ಯವಿಲ್ಲ ಅಂತ ಗುರುತು ಮಾಡು. ಸೋಮಲಿಂಗ ಇದನ್ನೂ ಬಾಯಿಪಾಠ ಮಾಡಿದ.

ಆ ವಾರ ಅವನಿಗೆ ಒಂದು ಕನ್ಯಾ ಕೂಡಿ ಬಂತು. ಹೌದ್ರಿ, ಅವನಿಗೂ ಬಂತು. ಹುಡುಗಿಗೆ ಒಂದು ಕಾಲು ಸ್ವಲ್ಪ ಎಳೀತಿತ್ತು, ಅದಕ್ಕ ಮದುವಿ ತಡ ಆಗಿತ್ತು. ದ್ಯಾಮವ್ವ ಆಕಿನ್ನ ಮೊದಲ ಹೋಗಿ ನೋಡಿ ಬಂದಿದ್ಲು. ಬಾಯಿ ಜೋರು, ಕೆಲಸದಾಗ ಚುರುಕು. ಇಂಥಾಕಿ ಇದ್ರ ನನ್ನ ಮಗನ್ನ ಎಬ್ಬಿಸಿ ಉಣಿಸಿ ಬಾಳೇ ಮಾಡತಾಳ ಅಂತ ದ್ಯಾಮವ್ವನ ಎದಿ ಹಗುರಾಗಿತ್ತು. ಹುಡುಗಿ ಅಪ್ಪ, ಕಾಕಾ ಇಬ್ಬರೂ ವರಾ ನೋಡಾಕ ಬಂದ್ರು. ದ್ಯಾಮವ್ವ ಅವಲಕ್ಕಿ ಕಲಸಿ ಇಟ್ಲು.

ಹುಡುಗಿ ಅಪ್ಪ ಮಾತಿಗೆ ಅಂತ ಸುಮ್ಮನ ಕೇಳಿದ. "ಇವರು ನಿಮ್ಮ ತಾಯಿ ಏನ್ರಿ?"

ಸೋಮಲಿಂಗ ವಿಚಾರ ಮಾಡಿದ. ಭಾಳ ಹೊತ್ತು ವಿಚಾರ ಮಾಡಿದ. "ಹೇಳಲು ಸಾಧ್ಯವಿಲ್ಲರಿ. ಇವರ ಗಂಡ ನಮ್ಮಪ್ಪ ಅಂತ ಕೊಟ್ಟಾರ. ಆದ್ರ ನಮ್ಮಪ್ಪಗ ಇನ್ನೊಬ್ಬ ಹೆಂಡತಿ ಇದ್ದಿಲ್ಲ ಅಂತ ಎಲ್ಲೂ ಕೊಟ್ಟಿಲ್ಲ."

ಹುಡುಗಿ ಕಾಕಾ ಅವಲಕ್ಕಿ ತಾಟು ಕೆಳಗಿಟ್ಟ. ಅಪ್ಪ ಮಾತ್ರ ಸಮಾಧಾನದ ಮನುಷ್ಯಾ, ನಕ್ಕ. ಅದಿರಲಿ, ನನ್ನ ಮಗಳನ್ನ ಕಡೀತನಕ ಚೆಂದಗೆ ನೋಡಿಕೋತೀಯೇನಪಾ ಅಂತ ಕೇಳಿದ. ಮಾಹಿತಿ ಸಾಲದು ಅಂದ ಸೋಮಲಿಂಗ. ಅವರು ಚಪ್ಪಲಿ ಮೆಟ್ಟಿಕೊಂಡು ಹೋಗೇಬಿಟ್ರು.

ಆವತ್ತು ದ್ಯಾಮವ್ವ ಬೈಯಲಿಲ್ಲ, ಅತ್ಲು. ಹೆತ್ತಾಕಿ ಯಾರು ಅಂತ ಹೇಳಾಕ ಬರವಲ್ದೇನೋ ನಿನಗ? ನಿನಗ ಆಗದ್ದಕ್ಕ ಯಾಕ ಬಾಯಿ ಹಾಕ್ತಿ, ಬಿಟ್ಟು ಮುಂದಕ ಹೋಗಬಾರದೇನ? ಇದನ್ನ ಕೇಳಿ ಮಾಸ್ತರ ಹೌದು ಅಂದ್ರು. ಪರೀಕ್ಷಾದಾಗೂ ಹಂಗ ಮಾಡು ತಮ್ಮಾ. ಕಠಿಣ ಪ್ರಶ್ನಿ ಬಂದ್ರ ಅಲ್ಲೇ ಕೂಡಬ್ಯಾಡ, ದಾಟಿ ಹೋಗು, ಸರಳ ಇದ್ದದ್ದನ್ನ ಮೊದಲ ಮುಗಸು. ತಪ್ಪು ಬರದ್ರ ಇದ್ದ ಅಂಕಾನೂ ಕಳೀತಾರ. ಸೋಮಲಿಂಗ ಗೋಣ ಹಾಕಿದ.

ಒಂದಿನ ಒಲಿ ಮುಂದ ಕೂತಲ್ಲೇ ದ್ಯಾಮವ್ವನ ಎದಿ ಹಿಡೀತು. ಕೈಯಾಗಿನ ಹಿಟ್ಟು ಕೈಯಾಗ ಇತ್ತು, ಆಕಿ ಪಕ್ಕಕ್ಕ ಬಿದ್ಲು. ಕಣ್ಣು ಕಾಣತಿದ್ವು, ಬಾಯಿ ಬರತಿದ್ದಿಲ್ಲ. ಸೋಮಲಿಂಗ ಬಂದು ನೋಡಿದ. ಅವ್ವ ಬಿದ್ದಾಳ. ಇದು ಕಠಿಣ. ಹಂಚಿನ ಮ್ಯಾಲೆ ರೊಟ್ಟಿ ಹತ್ತಾಕತ್ತೈತಿ. ಇದು ಸರಳ. ಅವ್ವನ್ನ ದಾಟಿ ಹೋಗಿ ರೊಟ್ಟಿ ತಿರಿವಿ ಹಾಕಿದ. ಬುಟ್ಟಿ ತುಂಬಿತ್ತು, ಅದೂ ಸರಳ. ಮತ್ತ ಅವ್ವನ್ನ ದಾಟಿದ, ಬುಟ್ಟಿ ಹೊತ್ತುಕೊಂಡು ಖಾನಾವಳಿಗೆ ಕೊಟ್ಟು ಬಂದ. ಕೊಡ ಖಾಲಿ ಇತ್ತು, ತುಂಬಿಸಿ ಇಟ್ಟ. ದ್ಯಾಮವ್ವ ನೆಲದ ಮ್ಯಾಲೆ ಮಲಗಿ ಅವನ ಕಾಲು ಎರಡು ಸಲ ತನ್ನ ಮ್ಯಾಲೆ ದಾಟಿದ್ದನ್ನ ನೋಡಿದ್ಲು. ಎದಿನೋವು ಬ್ಯಾರೆ, ಇದರ ನೋವ ಬ್ಯಾರೆ.

ರೊಟ್ಟಿ ಇವತ್ತ ಕಡಿಮಿ ಅದಾವಲ್ಲ ಅಂತ ಕೇಳಾಕ ಬಂದ ಗೌರಕ್ಕ ನೋಡಿ ಹೌಹಾರಿ ದವಾಖಾನಿಗೆ ಹಾಕಿದ್ಲು. ಎದಿ ಸೋತೈತಿ ಅಂದ್ರು ಡಾಕ್ಟರು. ಗುಳಿಗಿ ಕೊಟ್ರು. ಒಲಿ ಹೊಗಿ ಕುಡೀಬ್ಯಾಡ ಅಂದ್ರು. ಎಷ್ಟು ದಿನ ಅನ್ನೂದನ್ನ ಅವರೂ ಹೇಳಲಿಲ್ಲ, ಆಕೀನೂ ಕೇಳಲಿಲ್ಲ.

ಮಗ ಮಂಚದ ಬಾಜೂ ಬಂದು ನಿಂತ. ದ್ಯಾಮವ್ವಗ ಉಸರು ಸಾಲತಿದ್ದಿಲ್ಲ, ಮೆಲ್ಲಕ ಹೇಳಿದ್ಲು. "ಬಿದ್ದಾಕಿ ಯಾರೋ ಅಂತ ದಾಟಿ ಹೋದೆಲ್ಲಪಾ. ಆ ಜಾಗಾದಾಗ ನಾನ ಅದೀನಿ ಅಂತ ತಿಳಕೋಬೇಕು ಮಗನ. ಮಂದಿ ಕಷ್ಟ ಹಂಗ ತಿಳೀತೈತಿ."

ಹಾಸಗಿ ಹತ್ತರ ನಿಂತಿದ್ದ ಕುಬೇರ ಮಾಸ್ತರ ಕಣ್ಣು ಒರಸಿಕೊಂಡ್ರು. ಲಾಖ್ ಮಾತು ಹೇಳಿದಿ ಅವ್ವಾ ಅಂದ್ರು. ಪ್ರಶ್ನಿನೂ ಹಂಗ ಓದಬೇಕು ತಮ್ಮಾ, ಯಾವನೋ ಒಬ್ಬಾಂವ ಅಂತ ಓದಬ್ಯಾಡ, ಪ್ರಶ್ನಿಯೊಳಗಿನ ಮನುಷ್ಯಾ ನಾನ ಅಂತ ತಿಳಿ, ಉತ್ತರ ತಾನ ಸಿಗತೈತಿ. ಇದನ್ನ ಕೇಳಿ ಸೋಮಲಿಂಗನ ಮುಖ ಅರಳಿತು. ಇಷ್ಟು ದಿನ ಯಾರೂ ಅವನಿಗೆ ಇಷ್ಟು ಸರಳ ಹೇಳಿದ್ದಿಲ್ಲ.

ಪರೀಕ್ಷಾ ನಾಳೆ ಅನ್ನೂವಾಗ ದ್ಯಾಮವ್ವ ಮನಿಗೆ ಬಂದಿದ್ಲು. ಹಾಸಿಗ್ಯಾಗ ಮಲಕ್ಕೊಂಡು, ಜೋರಾಗಿ ಓದಪಾ ಕೇಳತೀನಿ ಅಂದ್ಲು. ಆಕಿಗೆ ಓದು ಬರತಿದ್ದಿಲ್ಲ, ಮಗ ಓದೂ ದನಿ ಬೇಕಾಗಿತ್ತು. ಸೋಮಲಿಂಗ ಹದಿನಾಕನೇ ಪ್ರಶ್ನಿ ಓದಿದ. ಒಬ್ಬ ವ್ಯಕ್ತಿಯು ತನ್ನ ಮನೆಯಿಂದ ಹೊರಟು ಉತ್ತರಕ್ಕೆ ಆರು ಕಿಲೋಮೀಟರ್ ನಡೆದು, ಬಲಕ್ಕೆ ತಿರುಗಿ ಎಂಟು ಕಿಲೋಮೀಟರ್ ನಡೆದನು. ಈಗ ಅವನು ತನ್ನ ಮನೆಯಿಂದ ಎಷ್ಟು ದೂರದಲ್ಲಿದ್ದಾನೆ? ಓದಿದಾಂವ ಪುಸ್ತಕ ನೆಲಕ್ಕ ಇಟ್ಟ. ಆಮ್ಯಾಲೆ ಎದ್ದ, ಚಪ್ಪಲಿ ಮೆಟ್ಟಿದ, ಹೊಂಟ. ಎಲ್ಲೋ ಬಯಲಕಡಿಗೆ ಹೋಗ್ಯಾನ ಅಂತ ದ್ಯಾಮವ್ವ ತಿಳಕೊಂಡ್ಲು.

ಹೊತ್ತು ಮುಳುಗಿತು, ಬರಲಿಲ್ಲ. ಬೆಳಕು ಹರೀತು, ಬರಲಿಲ್ಲ. ಹತ್ತು ಗಂಟೆಕ್ಕ ಪರೀಕ್ಷಾ. ಒಂಬತ್ತಕ್ಕ ಮಾಸ್ತರ ಗಾಡಿ ಮ್ಯಾಲೆ ಓಡಿ ಬಂದ್ರು. ನೆಲದ ಮ್ಯಾಲೆ ಪುಸ್ತಕ ತೆರದಂಗ ಬಿದ್ದಿತ್ತು. ಹದಿನಾಕನೇ ಪ್ರಶ್ನಿ ಓದಿ ಮಾಸ್ತರ ಹಣಿ ಹಣಿ ಬಡಕೊಂಡ್ರು. ನಾನೂ ಬರತೀನಿ ಅಂತ ದ್ಯಾಮವ್ವ ಹಠ ಹಿಡದ್ಲು, ಎದಿ ಹಿಡಕೊಂಡು ಹಿಂದ ಹತ್ತಿ ಕೂತ್ಲು.

ಉತ್ತರಕ್ಕ ಆರು ಕಿಲೋಮೀಟರ್ ಹೋದ್ರು. ಬಲಕ್ಕ ತಿರುಗಿ ಎಂಟು ಹೋದ್ರು. ಒಂದು ಮೆಣಸಿನಕಾಯಿ ಹೊಲದ ಬದುವಿನ ಮ್ಯಾಲೆ ಸೋಮಲಿಂಗ ನಿಂತಿದ್ದ. ಹಿಂದಿನ ದಿನದಿಂದ ನಿಂತಿದ್ದ. ಕಾಲು ಬಾತಿದ್ವು. ಕಾಯಿ ಹರಿಯಾಕ ಬಂದ ಹೆಣ್ಮಕ್ಕಳು ಕನಿಕರಪಟ್ಟು ಒಂದು ತಂಬಗಿ ಮಜ್ಜಗಿ ಕೊಟ್ಟಿದ್ರು. ಮಾಸ್ತರನ್ನ ಕಂಡಕೂಡ್ಲೇ ನಕ್ಕ. ಹತ್ತು ಕಿಲೋಮೀಟರ್ ಸರ, ಸರಿ ಐತೇನ್ರಿ ಅಂತ ಕೇಳಿದ. ಸರಿ ಇತ್ತು. ಆ ತರ್ಕದ ಪೇಪರಿನಾಗ ಅಂವ ಜನ್ಮದಾಗ ಕೊಟ್ಟ ಮೊದಲನೇ ಸರಿ ಉತ್ತರ. ಗಡಿಯಾರದಾಗ ಹತ್ತೂವರಿ ಆಗಿತ್ತು, ಪರೀಕ್ಷಾದ ಬಾಗಿಲ ಹಾಕಿದ್ರು. ನೌಕರಿ ಅಲ್ಲಿಗೆ ಮುಗೀತು.

ದ್ಯಾಮವ್ವ ಅವನ ಕೈ ಹಿಡದು ಮನಿಗೆ ನಡಿಯಪಾ ಅಂದ್ಲು. ಅಂವ ಅಲಗಾಡಲಿಲ್ಲ. ಆ ಮನುಷ್ಯಾ ತಿರಿಗಿ ಮನಿಗೆ ಬಂದ ಅಂತ ಪ್ರಶ್ನಿಯೊಳಗ ಇಲ್ಲವ್ವಾ ಅಂದ. ಎಳದ್ಲು, ಬೈದ್ಲು, ಅತ್ಲು. ಏನೂ ಆಗಲಿಲ್ಲ. ಕಡೀಗೆ ಮಾಸ್ತರ ಪೆನ್ನು ತಗದು ಒಂದು ಚೀಟಿ ಮ್ಯಾಲೆ ಬರದ್ರು. ನಂತರ ಅವನು ಮಾಸ್ತರರ ಗಾಡಿ ಹತ್ತಿ ಮನೆಗೆ ಬಂದನು. ಸೋಮಲಿಂಗ ಓದಿದ, ಹತ್ತಿ ಕೂತ.

ಮೂರು ಮಂದಿ ಒಂದ ಗಾಡಿ ಮ್ಯಾಲೆ ಬಂದ್ರು. ಮನಿ ಮುಟ್ಟಿದ ಮ್ಯಾಲೆ ದ್ಯಾಮವ್ವ ಮಾಸ್ತರನ್ನ ಹೊರಗ ಕರದ್ಲು. ಸರ, ನೀವು ಬರದದ್ದನ್ನ ಅಂವ ಮಾಡತಾನ. ನಾ ಸತ್ತ ಮ್ಯಾಲಿಂದೂ ಬರದು ಕೊಡ್ರಿ, ಪ್ರಶ್ನಿ ಬರದಂಗ ಬರೀರಿ, ಅಂದ್ಲು. ಮಾಸ್ತರ ಒಲ್ಲೆ ಅನ್ನಾಕ ಬಾಯಿ ತಗದ್ರು. ಆಕಿ ಮುಖ ನೋಡಿ ಕಟ್ಟಿ ಮ್ಯಾಲೆ ಕೂತು ಹಾಳಿ ತಗದ್ರು. ಆಕಿ ಹೇಳಿದ್ಲು, ಅವರು ಬರದ್ರು.

ಒಬ್ಬ ವ್ಯಕ್ತಿಯ ತಾಯಿ ತೀರಿಕೊಂಡಳು. ಅವನು ಎರಡು ದಿನ ಅತ್ತನು. ಮೂರನೇ ದಿನ ತಾನೇ ಎದ್ದು ಜಳಕ ಮಾಡಿದನು. ಗೌರಕ್ಕನ ಖಾನಾವಳಿಗೆ ಹೋಗಿ ಹೊಟ್ಟೆ ತುಂಬ ಉಂಡು, ಅಲ್ಲೇ ತಾಟು ತೊಳೆಯುವ ಕೆಲಸಕ್ಕೆ ನಿಂತನು. ದಿನಾಲು ಹೀಗೇ ಮಾಡಿದನು. ಜಡ್ಡು ಬಂದರೆ ದವಾಖಾನೆಗೆ ಹೋದನು. ಹನ್ನೊಂದನೇ ದಿನ ನಾಲ್ಕು ಮಂದಿಯನ್ನು ಕರೆದು ತಾಯಿಯ ಹೆಸರಲ್ಲಿ ಊಟ ಹಾಕಿದನು. ಅವನು ಯಾರಿಗೂ ಹೊರೆಯಾಗದೆ ಬದುಕಿದನು.

ಗೌರಕ್ಕನ ಹತ್ರ ದ್ಯಾಮವ್ವ ಕೆಲಸದ ಮಾತೂ ಆಡಿ ಬಂದ್ಲು. ಹಾಳಿ ಮಡಚಿ ಟ್ರಂಕಿನಾಗ ಸೀರಿ ಕೆಳಗ ಇಟ್ಲು. ಎದಿ ಸ್ವಲ್ಪ ಹಗುರಾತು.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರ. ಒಂದಿನ ದ್ಯಾಮವ್ವ ಮಗನ ಅಂಗಿ ಹರದದ್ದು ಕಂಡು, ಟ್ರಂಕಿನಾಗ ಸೂಜಿ ದಾರ ಐತಿ ತಾ ಅಂದ್ಲು. ಅಂದಾಕಿ ಆಕೀನ. ಅಂವ ಟ್ರಂಕ್ ತಗದ. ಹಾಳಿ ಸಿಕ್ತು. ಓದಿದ.

ಓದಿ ಮುಗಸಿ ಎದಿ ಎದಿ ಬಡಕೊಂಡು ಅಳಾಕ ಶುರು ಮಾಡಿದ. ಯವ್ವಾ ಹೋದೇನ ನನ್ನವ್ವಾ ಅಂತ ಓಣಿ ಕೇಳೂವಂಗ ಅತ್ತ. ದ್ಯಾಮವ್ವ ಓಡಿ ಬಂದು ಅವನ ಗದ್ದ ಹಿಡದು, ನಾ ಇಲ್ಲೇ ಅದೀನೋ ಸೋಮಾ, ನೋಡಿಲ್ಲೆ ಅಂದ್ಲು. ಅಂವ ನೋಡಿದ. ಕಣ್ಣೀರಿನಾಗ ಆಕಿನ್ನ ಮ್ಯಾಲಿಂದ ಕೆಳಗಿನ ತನಕ ನೋಡಿದ.

"ನಮ್ಮವ್ವ ತೀರಿಕೊಂಡಾಳರಿ. ನೀವು ಬದುಕೀರಿ. ಅದಕ್ಕ ನೀವು ನಮ್ಮವ್ವ ಅಲ್ಲ."

ಹುಟ್ಟಿದಾಗಿಂದ ಅವ್ವಗ ನೀ ಅಂದಾಂವ, ಅವತ್ತ ನೀವು ಅಂದ. ಮಾಸ್ತರ ಬಂದು ಕೇಳಿದ್ರು. ತರ್ಕದಾಗ ತಪ್ಪು ಹುಡುಕಿದ್ರು, ಸಿಗಲಿಲ್ಲ. ಆ ಹಾಳಿ ಕೆಳಗ ಇನ್ನೊಂದು ಸಾಲು ಬರೀರಿ, ತಾಯಿ ಸತ್ತಿದ್ದಿಲ್ಲ ಅಂತ ಬರೀರಿ ಅಂದ್ಲು ಗೌರಕ್ಕ. ಬರೀತೀನಿ ಅಂದ್ರು ಮಾಸ್ತರ. ಆದ್ರ ಸೋಮಲಿಂಗ ಹಾಳಿ ಎದಿಗೆ ಒತ್ತಿಕೊಂಡು ಅಳಾಕತ್ತಿದ್ದ, ಕೈಗೆ ಕೊಡಲಿಲ್ಲ. ಅತ್ತು ಹಗುರಾಗಲಿ, ಆಮ್ಯಾಲೆ ನೋಡೋಣು ಅಂದ್ರು. ದ್ಯಾಮವ್ವ ಗ್ವಾಡಿಗೆ ಹತ್ತಿದ ಗೌರಕ್ಕನ ಮನ್ಯಾಗ ಹೋಗಿ ಉಳಕೊಂಡ್ಲು, ಖಾನಾವಳಿನೂ ಅದ ಮನ್ಯಾಗ ಇತ್ತು. ಎರಡು ದಿನ ತನ್ನ ಹೆಸರು ಹಿಡದು ಮಗ ಅಳೂದನ್ನ ಗ್ವಾಡಿ ಆಚೆ ಕೂತು ಕೇಳಿದ್ಲು. ತಾಯಿ ಸತ್ರ ಇಂವಗ ತಿಳೀತೈತೋ ಇಲ್ಲೋ ಅಂದುಕೊಂಡಿದ್ಲು ಆಕಿ. ತಿಳಿದಿತ್ತು. ಆಕಿಗೆ ಸಂಕಟ ಆತು, ಸಂತೋಷನೂ ಆತು.

ಮೂರನೇ ದಿನ ಮುಂಜಾನೆ ಮಾಸ್ತರ ಪೆನ್ನು ತಗೊಂಡು ಬಂದ್ರು. ಅಷ್ಟರಾಗ ಸೋಮಲಿಂಗ ತಾನ ಎದ್ದಿದ್ದ. ಯಾರೂ ಏಳು ಅಂದಿದ್ದಿಲ್ಲ. ತಾನ ನೀರು ಕಾಸಿದ, ಜಳಕ ಮಾಡಿದ, ತಲಿ ಬಾಚಿದ. ಬಾಗಿಲ ಕೀಲಿ ಹಾಕಿ ಜಗ್ಗಿ ನೋಡಿದ. ಖಾನಾವಳಿಗೆ ಬಂದು ಹೊಟ್ಟಿ ತುಂಬ ಉಂಡ, ಎದ್ದು ತೋಳು ಏರಿಸಿ ತಾಟು ತೊಳ್ಯಾಕ ನಿಂತ. ಒಂದ ತಾಟಿನ್ಯಾಗೂ ಜಿಡ್ಡು ಉಳೀಲಿಲ್ಲ. ದ್ಯಾಮವ್ವ ಒಲಿ ಮುಂದಿಂದ ಎದ್ದು ಕದಾ ಹಿಡದು ನಿಂತು ನೋಡಿದ್ಲು. ಮೂವತ್ತು ವರ್ಷ ಆಕಿ ದೇವರ ಹತ್ರ ಬೇಡಿದ್ದು ಇದನ್ನ.

ಮಾಸ್ತರ ಪೆನ್ನಿನ ಮುಚ್ಚಳಾ ತಗದ್ರು. ದ್ಯಾಮವ್ವ ಅವರ ಕೈ ಹಿಡದ್ಲು.

"ಬರೀಬ್ಯಾಡ್ರಿ ಸರ."

ಹಂಗಂದ್ರ ಹೆಂಗವ್ವಾ, ನೀ ಇನ್ನೂ ಬದುಕಿದ್ದೀಯಲ್ಲ ಅಂದ್ರು ಮಾಸ್ತರ. ನಾ ಇನ್ನೆಷ್ಟು ದಿನರಿ ಅಂದ್ಲು ಆಕಿ. ಮೊನ್ನೆ ಹೋದಾಕಿನ್ನ ಮತ್ತ ಎಬ್ಬಿಸಿ, ನಾಳೆ ಮತ್ತೊಮ್ಮೆ ಯಾಕ ಕೊಲ್ಲೂದು. ಅಂವ ಒಮ್ಮೆ ಅತ್ತಾನ, ಸಾಕು. ಮಾಸ್ತರ ಪೆನ್ನು ಕಿಸೆದಾಗ ಇಟ್ಟುಕೊಂಡ್ರು, ಆವತ್ತ ಅವರು ಉಣ್ಣಲಿಲ್ಲ.

ದಿನಾ ಹಂಗ ನಡೀತು. ಆಕಿ ಹಿತ್ತಲದಾಗ ರೊಟ್ಟಿ ಬಡೀತಿದ್ಲು, ಅಂವ ಅಂಗಳದಾಗ ತಾಟು ತಿಕ್ಕತಿದ್ದ. ಹೊಕ್ಕೂವಾಗ ಹೊರಡೂವಾಗ ನಮಸ್ಕಾರರಿ ಅಜ್ಜಿ ಅಂತಿದ್ದ. ಆಕಿ ನಮಸ್ಕಾರಪಾ ಅಂತಿದ್ಲು. ಬಾಯಿ ತುದಿಗೆ ಬಂದ ಸೋಮಾ ಅನ್ನೂದನ್ನ ದಿನಕ್ಕ ಹತ್ತು ಸಲ ನುಂಗತಿದ್ಲು.

ಹತ್ತನೇ ದಿನ ಸಂಜಿಮುಂದ ಅಂವ ಕೈ ಒರಸಿಕೊಂತ ಆಕಿ ಮುಂದ ಬಂದು ನಿಂತ. ಅಜ್ಜಿ, ನಾಳೆ ನಮ್ಮವ್ವನ ದಿವಸದ ಊಟ ಐತಿ, ನಾಕು ಮಂದಿ ಕರೀಬೇಕು ಅಂತ ಕೊಟ್ಟಾರ, ಮೂರ ಮಂದಿ ಆಗ್ಯಾರ, ನೀವು ಬರಬೇಕು ಅಂದ. ದ್ಯಾಮವ್ವ ಬರತೀನಿ ಅಂದ್ಲು.

ಮರುದಿನ ತನ್ನ ಮನಿ ಹೊಚ್ಚಲ ತಾನ ದಾಟಿ, ಕರೆ ಬಂದವರಂಗ ಕಾಲಿಗೆ ನೀರು ಹಾಕ್ಕೊಂಡು ಒಳಗ ಹೋದ್ಲು. ಗ್ವಾಡಿ ಮ್ಯಾಲೆ ಆಕಿ ಫೋಟೋ. ಅದಕ್ಕ ಸೇವಂತಿಗಿ ಮಾಲಿ, ಮುಂದ ಎಡಿ. ಫೋಟೋ ಕೆಳಗ ಸಾಲಾಗಿ ಗೌರಕ್ಕ, ಕುಬೇರ ಮಾಸ್ತರ, ಬಾಜೂ ಮನಿ ಮುದುಕ ಕೂತಿದ್ರು. ಯಾರೂ ತಲಿ ಎತ್ತಲಿಲ್ಲ. ನಾಕನೇ ಎಲಿ ಮುಂದ ದ್ಯಾಮವ್ವ ಕೂತ್ಲು. ಸೋಮಲಿಂಗ ತಾನ ಮಾಡಿದ ಹೋಳಗಿ ತಂದು ಬಡಿಸಿದ. ಅಂಚು ಹರದಿತ್ತು, ಆದ್ರ ಹೂರಣ ಹದ ಇತ್ತು.

ಬಡಿಸ್ತ ಅಂವ ಕೇಳಿದ. "ನಿಮಗ ಮಕ್ಕಳು ಅದಾರೇನ್ರಿ ಅಜ್ಜಿ?"

"ಒಬ್ಬ ಅದಾನಪಾ. ಭಾಳ ಶಾಣ್ಯಾ ಅದಾನ."

ಪುಣ್ಯಾ ಮಾಡೀರಿ ಅಂದು ಅಂವ ಇನ್ನೊಂದು ಹೋಳಗಿ ಹಾಕಿದ, ಮ್ಯಾಲೆ ತುಪ್ಪ ಬಿಟ್ಟ. ದ್ಯಾಮವ್ವ ಅದನ್ನೂ ಉಂಡ್ಲು.